ಸೊನ್ನೆಯ ಸಾಲುಗಳನ್ನು ನಡೆದು ನೋಡಿದವರು

ನಗರಸಭೆಯೆಂದರೆ ಜನರ ಕಣ್ಣಿಗೆ ಬೀಳುವುದು ರಸ್ತೆ, ದೀಪ, ನೀರು, ಮತ್ತು ಈ ಮೂರರಲ್ಲಿ ಯಾವುದು ಕೆಟ್ಟರೂ ಬೈಸಿಕೊಳ್ಳುವ ಅಧ್ಯಕ್ಷರು. ಕಟ್ಟಡದ ಹಿಂಬದಿಯಲ್ಲಿ ಲೆಕ್ಕ ಶಾಖೆ ಎಂಬುದೊಂದಿದೆ ಎನ್ನುವುದು ಬಿಲ್ಲು ತಡವಾದಾಗಲಷ್ಟೇ ನೆನಪಾಗುತ್ತದೆ. ಅಂಥ ನಮ್ಮ ಶಾಖೆಯಲ್ಲಿ, ಕರ ಕಟ್ಟಿಸಿಕೊಳ್ಳುವ ಕಿಟಕಿಯಿಂದ ಹೊರಟು ಮುಖ್ಯ ಲೆಕ್ಕಾಧಿಕಾರಿಯ ಕುರ್ಚಿಯವರೆಗೆ ನಡೆದು ಬಂದು, ಈ ತಿಂಗಳು ನಿವೃತ್ತರಾಗುತ್ತಿರುವವರನ್ನು ಕುರಿತ ಬರಹವಿದು. ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರದ ಕ್ಷೇತ್ರದಲ್ಲಿ ಅವರಿಗಿಂತ ಹೆಚ್ಚು ಓದಿದವರಿದ್ದಾರೆ, ಹೆಚ್ಚು ಬರೆದವರೂ ಇದ್ದಾರೆ. ಆದರೆ ಆಯವ್ಯಯ ಪುಸ್ತಕದಲ್ಲಿ ಏನೂ ಬರೆದಿರದ ಜಾಗವನ್ನು ಓದಲು ಒಂದಿಡೀ ತಲೆಮಾರಿಗೆ ಕಲಿಸಿದವರು ಅವರೊಬ್ಬರೇ.

ಮಾರುಕಟ್ಟೆಯಲ್ಲಿ ಅವರನ್ನು ಲೆಕ್ಕದಮ್ಮ ಎನ್ನುತ್ತಾರೆ. ಕಚೇರಿಯಲ್ಲಿ ಅವರಿಲ್ಲದಾಗ ನಡೆಯುವ ಹೆಸರು ಸೊನ್ನೆ ಮೇಡಂ. ಹೊಸದಾಗಿ ಸೇರಿದವರು ಇದನ್ನು ಕೇಳಿ, ಪಾಪ, ಏನೂ ತಿಳಿಯದ ಅಧಿಕಾರಿ ಸಿಕ್ಕಿದ್ದಾರೆ ಎಂದುಕೊಂಡು ಒಂದು ವಾರ ನೆಮ್ಮದಿಯಾಗಿರುತ್ತಾರೆ. ಆಮೇಲೆ ಅವರ ಮೊದಲ ವೋಚರು ಮೇಡಂ ಮೇಜಿಗೆ ಹೋಗುತ್ತದೆ. ನೆಮ್ಮದಿ ಅಲ್ಲಿಗೆ ಮುಗಿಯುತ್ತದೆ. ಆ ಹೆಸರು ಹೇಗೆ ಬಂತೆಂಬುದು ಅವರ ಸೇವೆಯ ಕಥೆಯೂ ಹೌದು. ಅದನ್ನು ಮೊದಲಿನಿಂದ ಹೇಳುವುದೇ ಸರಿ.

ಕೆಲಸಕ್ಕೆ ಸೇರಿದಾಗ ಮೇಡಂ ಹೊಸ ಸೊಸೆ. ಗಂಡ ದೂರದ ಮಾರ್ಗದ ಬಸ್ಸು ಓಡಿಸುತ್ತಿದ್ದವರು; ಮನೆಯಲ್ಲಿ ಇದ್ದ ದಿನಗಳಿಗಿಂತ ಇರದ ದಿನಗಳೇ ಹೆಚ್ಚು. ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ, ಸೊಸೆ ಮತ್ತು ಇಬ್ಬರ ನಡುವಿನ ಮೌನ. ಅತ್ತೆ ಕೆಟ್ಟವರಲ್ಲ, ಸೊಸೆ ಒರಟಲ್ಲ. ಆದರೂ ಒಂದೇ ಒಲೆಯ ಮುಂದೆ ನಿಂತ ಇಬ್ಬರು ಹೆಂಗಸರಿಗೆ ಉಪ್ಪು ಎಷ್ಟು ಹಾಕಬೇಕೆಂಬುದನ್ನು ಬಿಟ್ಟರೆ ಆಡಲು ಬೇರೆ ಮಾತು ಸಿಕ್ಕಿರಲಿಲ್ಲ. ಕರದ ಕಿಟಕಿಯಲ್ಲಿ ಇಡೀ ದಿನ ಊರಿನವರ ಜೊತೆ ಮಾತಾಡಿ ಮನೆಗೆ ಬಂದರೆ ತಮ್ಮ ದನಿ ತಮಗೇ ಹೊಸದಾಗಿ ಕೇಳಿಸುತ್ತಿತ್ತೆಂದು ಮೇಡಂ ಒಮ್ಮೆ ಹೇಳಿದ್ದುಂಟು.

ಮಗಳು ಹುಟ್ಟಿದ ಮೇಲೆ ರಜೆ ಬೇಗ ಮುಗಿಯಿತು. ಎಳೆಗೂಸಿಗೆ ಮಧ್ಯಾಹ್ನ ಹಾಲೂಡಿಸಲು ಮನೆಗೆ ಹೋಗಿ ಬರುವಷ್ಟು ಬಿಡುವಿಲ್ಲ, ಕಚೇರಿಯಲ್ಲಿ ಹೆಂಗಸರಿಗೆಂದು ಒಂದು ಮೂಲೆಯೂ ಇಲ್ಲ. ದಾರಿ ತೋರಿಸಿದವರು ಅತ್ತೆ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಮೀನಿನ ಕಟ್ಟೆ ದಾಟಿದ ಮೇಲೆ, ಬೋರ್ಡು ಇಲ್ಲದ ಒಂದು ಬಾಗಿಲು. ಒಳಗೆ ಸುಣ್ಣ ಬಳಿದ ಕೋಣೆ, ಗೋಡೆಯುದ್ದಕ್ಕೂ ಸಿಮೆಂಟಿನ ಜಗಲಿ, ಮೇಲೆ ಗಾಳಿಗೆ ಒಂದು ಜಾಲರಿ, ಮೂಲೆಯಲ್ಲಿ ನಲ್ಲಿ. ಮಾರುಕಟ್ಟೆಯಲ್ಲಿ ಕೂತು ಮಾರುವ ಹೆಂಗಸರು ಮಕ್ಕಳಿಗೆ ಹಾಲು ಕೊಡುತ್ತಿದ್ದುದು, ಸೊಂಟ ನೋವೆಂದರೆ ಮಲಗುತ್ತಿದ್ದುದು, ಬಟ್ಟೆ ಬದಲಿಸುತ್ತಿದ್ದುದು ಎಲ್ಲ ಅಲ್ಲೇ. ಅತ್ತೆ ಮಗುವನ್ನು ಎತ್ತಿಕೊಂಡು ಅಲ್ಲಿಗೆ ಬರುತ್ತಿದ್ದರು. ಸೊಸೆ ಕಿಟಕಿ ಮುಚ್ಚಿದ್ದೇ ಓಡುತ್ತಿದ್ದರು.

ಆ ಕೋಣೆಯಲ್ಲಿ ಒಂದು ವಿಚಿತ್ರ ನಡೆಯಿತು. ಮನೆಯಲ್ಲಿ ಬಾಯಿ ಬಿಡದ ಅತ್ತೆ ಅಲ್ಲಿ ಮಾತಿಗೆ ಶುರುವಿಟ್ಟುಕೊಂಡರು. ಮೊಟ್ಟೆ ಮಾರುವಾಕೆ ಆಡಿದ ಮಾತಿಗೆ ನಗತೊಡಗಿದರು. ಸೊಸೆ ಇಲಾಖಾ ಪರೀಕ್ಷೆಗೆ ಕಟ್ಟಬೇಕೆಂದಿದ್ದಾಳೆ, ಓದಲು ಹೊತ್ತು ಸಿಗುತ್ತಿಲ್ಲ ಎಂಬುದು ಅತ್ತೆಗೆ ತಿಳಿದದ್ದೂ ಅಲ್ಲೇ. ಮಾರನೆಯ ದಿನ ಚೀಲದಲ್ಲಿ ಮಗುವಿನ ಬಟ್ಟೆಯ ಜೊತೆ ಲೆಕ್ಕಶಾಸ್ತ್ರದ ಪುಸ್ತಕವೂ ಬಂತು. ಸೊಸೆಯ ಕೈ ಮಗುವಿಗೆ ಬೇಕಲ್ಲ. ಹಾಗಾಗಿ ಪುಸ್ತಕ ಹಿಡಿದವರು ಅತ್ತೆ. ಕನ್ನಡಕ ಏರಿಸಿಕೊಂಡು, ಹಿಂದಿನ ವರ್ಷಗಳ ಪ್ರಶ್ನೆಗಳನ್ನು ಒಂದೊಂದಾಗಿ ಓದಿ ಹೇಳುವುದು, ಸೊಸೆ ಉತ್ತರ ಕೊಡುವುದು, ಅತ್ತೆ ಪುಸ್ತಕದ ಹಿಂಬದಿಯ ಉತ್ತರದೊಡನೆ ತಾಳೆ ನೋಡುವುದು. ಸರಿಯಿದ್ದರೆ "ಮುಂದಕ್ಕೆ" ಎನ್ನುವರು. ತಪ್ಪಿದ್ದರೆ ಏನೂ ಹೇಳದೆ ಅದೇ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಓದುವರು.

ಕೆಲವೇ ದಿನಗಳಲ್ಲಿ ಜಗಲಿಯ ಮೇಲಿನ ಹೆಂಗಸರಿಗೆಲ್ಲ ಮುಂಗಡ, ಮೀಸಲು, ಸವಕಳಿ ಎಂಬ ಮಾತುಗಳು ಬಾಯಿಗೆ ಬಂದವು. ಮೊಟ್ಟೆಯಾಕೆ ಒಡೆದ ಮೊಟ್ಟೆಯನ್ನು ತೋರಿಸಿ, "ಇದು ಸವಕಳಿ ಅಲ್ವಾ ಅಕ್ಕ? ಇದಕ್ಕೆ ಯಾವ ಕಡೆ ಬರೀತೀರಿ?" ಎಂದು ಕೇಳಿದಳಂತೆ. ಅತ್ತೆ, "ಅದನ್ನ ಹೊಟ್ಟೆ ಕಡೆ ಬರಿ, ತಿಂದುಬಿಡು" ಎಂದರಂತೆ.

ಮೊದಲ ಸಲ ಮೇಡಂ ಪರೀಕ್ಷೆಯಲ್ಲಿ ಫೇಲಾದರು. ಸುದ್ದಿ ತಿಳಿದ ಮಧ್ಯಾಹ್ನ ಆ ಕೋಣೆಗೆ ಹೋಗಲು ಕಾಲೇ ಬರಲಿಲ್ಲವಂತೆ. ಹೋದಾಗ ಅತ್ತೆ ಮಗುವನ್ನು ಅವರ ಮಡಿಲಿಗೆ ಕೊಟ್ಟು, ಕನ್ನಡಕ ಹಾಕಿಕೊಂಡು, ಪುಸ್ತಕವನ್ನು ಮೊದಲ ಪುಟಕ್ಕೆ ತೆರೆದರು. ಅಯ್ಯೋ ಎನ್ನಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಎರಡನೆಯ ಸಲ ಮೇಡಂ ಪಾಸಾದರು, ಲೆಕ್ಕ ಶಾಖೆಗೆ ಬಂದರು. ಮಗಳು ಬೆಳೆದಳು, ಶಾಲೆಗೆ ಹೋದಳು. ಆ ಓಣಿಯ ಕಡೆ ಹೋಗುವ ಕೆಲಸ ಸೊಸೆಗೆ ಇಲ್ಲದಾಯಿತು. ಅತ್ತೆ ಮಾತ್ರ ಹರಟೆಗೆ ಆಗಾಗ ಹೋಗಿ ಬರುತ್ತಿದ್ದರು.

ಲೆಕ್ಕ ಶಾಖೆಯಲ್ಲಿ ಮೇಡಂ ಬೆಳೆದ ಬಗೆಯನ್ನು ಹಿರಿಯರು ಈಗಲೂ ಬೆರಗಿನಿಂದ ನೆನೆಯುತ್ತಾರೆ. ವೋಚರು ನೋಡಿದರೆ ಅದರ ಹಿಂದಿನ ಕೆಲಸ ಕಣ್ಣಿಗೆ ಕಟ್ಟುತ್ತಿತ್ತು. ಕೊಳವೆಯ ಬಿಲ್ಲಿನ ಜೊತೆ ಜೋಡಣೆಯ ಬಿಲ್ಲು ಬರದಿದ್ದರೆ, ಕೊಳವೆ ಎಲ್ಲಿ ಮಲಗಿದೆ ಎಂದು ಕೇಳುತ್ತಿದ್ದರು. ಸದಸ್ಯರು ದನಿಯೇರಿಸಿದರೆ ಇವರ ದನಿ ಇಳಿಯುತ್ತಿತ್ತು. ಕೇಳಿಸಿಕೊಳ್ಳಲಾದರೂ ಅವರು ಸುಮ್ಮನಾಗಬೇಕಾಗುತ್ತಿತ್ತು. ಹಳೆಯ ಜಮಾ-ಖರ್ಚಿನ ಪದ್ಧತಿ ಹೋಗಿ ಲೆಕ್ಕವೆಲ್ಲ ಗಣಕಯಂತ್ರಕ್ಕೆ ಏರಬೇಕೆಂಬ ಆದೇಶ ಬಂದಾಗ, ಎಲ್ಲರೂ ಬೆನ್ನು ತಿರುಗಿಸಿದ ಆ ಹೊರೆ ಸಹಜವಾಗಿಯೇ ಇವರ ಹೆಗಲಿಗೆ ಬಂತು. ಅಧೀಕ್ಷಕರ ಹುದ್ದೆಗೆ ಬಡ್ತಿಯ ಪಟ್ಟಿಯೂ ಅದೇ ವರ್ಷ ತಯಾರಾಗುತ್ತಿತ್ತು. ಮೊದಲ ಹೆಸರು ಇವರದೆಂದು ಎಲ್ಲರಿಗೂ ಗೊತ್ತಿತ್ತು.

ಹಳೆಯ ಆಯವ್ಯಯ ಪುಸ್ತಕದಲ್ಲಿ ಖರ್ಚಿನ ಬಾಬ್ತುಗಳು ಬೇಲಿಯ ಬಳ್ಳಿಯಂತೆ ಬೆಳೆದಿದ್ದವು. ಪ್ರತಿ ಬಾಬ್ತಿಗೂ ಒಂದು ಸಾಲು, ಸಾಲಿನ ಕೊನೆಗೆ ಕಳೆದ ವರ್ಷಗಳ ಖರ್ಚು. ಬಹಳ ಸಾಲುಗಳ ಮುಂದೆ ವರ್ಷಗಟ್ಟಲೆ ಬರೀ ಸೊನ್ನೆ. ಇಂಥವನ್ನು ತೆಗೆದುಹಾಕಿ ಎಂದು ಮೇಲಿನಿಂದ ಸೂಚನೆಯಿತ್ತು. ಮೇಡಂ ಸ್ಕೇಲು, ಕೆಂಪು ಪೆನ್ನು ಹಿಡಿದು ಕುಳಿತರು. ಒಂದೊಂದು ಗೆರೆ ಎಳೆದಾಗಲೂ ಕಸ ಗುಡಿಸಿದ ಅಂಗಳ ನೋಡಿದಷ್ಟು ಹಿತವಾಗುತ್ತಿತ್ತಂತೆ. ಹೊಸ ಪುಸ್ತಕ ಅರ್ಧಕ್ಕರ್ಧ ತೆಳ್ಳಗಾಗಿ ಬಂತು. ಪೌರಾಯುಕ್ತರು ಅದನ್ನು ಕೈಯಲ್ಲಿ ತೂಗಿ ನೋಡಿ, ಲೆಕ್ಕ ಶಾಖೆಗೆ ಇಷ್ಟು ವರ್ಷಕ್ಕೆ ಬುದ್ಧಿ ಬಂತು ಎಂದರು. ಸಭೆ ಅದನ್ನು ಒಪ್ಪಿತು. ಮೇಡಂ ಅಂದು ಮನೆಗೆ ಸಿಹಿ ಕೊಂಡುಹೋದರು.

ಬೇಸಿಗೆ ಕಳೆಯುವಷ್ಟರಲ್ಲಿ ಒಂದು ಸಂಜೆ ಅತ್ತೆ ಹೊಸ್ತಿಲಲ್ಲೇ ಚಪ್ಪಲಿ ಬಿಡದೆ ನಿಂತರು. ಉಸಿರು ಸುಧಾರಿಸಿಕೊಂಡು, "ನಿನ್ನ ಮಗಳು ಹಾಲು ಕುಡಿದ ಕೋಣೆಗೆ ಬೀಗ ಬಿದ್ದಿದೆ ಕಣೇ" ಎಂದರು. "ನಿಮ್ಮ ಆಫೀಸಿಂದಾನೇ ಹಾಕಿದಾರಂತೆ."

ಮರುದಿನ ಮೇಡಂ ಬಾಡಿಗೆ ಶಾಖೆಗೆ ಹೋಗಿ ವಿಚಾರಿಸಿದರು. ಅಲ್ಲಿನ ಗುಮಾಸ್ತರಿಗೆ ಇದರಲ್ಲಿ ಯಾವ ಗುಟ್ಟೂ ಇರಲಿಲ್ಲ. ಹೊಸ ಆಯವ್ಯಯ ಪುಸ್ತಕದಲ್ಲಿ ಆ ಕೋಣೆಗೆ ಬಾಬ್ತು ಇಲ್ಲ. ಬಾಬ್ತು ಇಲ್ಲವೆಂದರೆ ನಗರಸಭೆ ಅದನ್ನು ಬಳಸುತ್ತಿಲ್ಲ. ಬಳಸದ ಜಾಗವನ್ನು ಬಾಡಿಗೆಗೆ ಕೊಡಬೇಕೆಂಬುದು ನಿಯಮ. ದಿನಸಿ ಸಗಟು ವ್ಯಾಪಾರಿಯೊಬ್ಬರು ಗೋದಾಮಿಗೆ ಕೇಳಿದ್ದಾರೆ, ಈ ತ್ರೈಮಾಸಿಕದ ಕೊನೆಗೆ ಕರಾರು, ಕರಾರಿನ ಅವಧಿ ಹತ್ತು ವರ್ಷ. "ಪುಸ್ತಕ ನಿಮ್ಮದೇ ಅಲ್ವಾ ಮೇಡಂ" ಎಂದು ಗುಮಾಸ್ತರು ಸಹಜವಾಗಿ ಹೇಳಿದರು.

ಮೇಡಂ ತಮ್ಮ ಮೇಜಿಗೆ ಬಂದು ಹಳೆಯ ಪುಸ್ತಕ ತೆಗೆದರು. 'ಮಾರುಕಟ್ಟೆ ಕಟ್ಟಡ: ಪೂರಕ ಸೌಲಭ್ಯ' ಎಂಬ ಸಾಲು, ಮುಂದೆ ಸೊನ್ನೆಗಳು, ಮೇಲೆ ತಾವೇ ಎಳೆದ ಕೆಂಪು ಗೆರೆ. ಜಗಲಿ, ಜಾಲರಿ, ನಲ್ಲಿ, ಅತ್ತೆಯ ಕನ್ನಡಕ ಇವೆಲ್ಲ ಸೇರಿ ಪುಸ್ತಕದ ಭಾಷೆಯಲ್ಲಿ ಪೂರಕ ಸೌಲಭ್ಯವಾಗುತ್ತವೆಂದು ಅವರಿಗೆ ಹೊಳೆದಿರಲೇ ಇಲ್ಲ. ತಾವು ಕೂತು ಓದಿದ ಜಾಗವನ್ನು, ಅಲ್ಲಿ ಓದಿದ ವಿದ್ಯೆಯಿಂದಲೇ ಅಳಿಸಿದ್ದರು.

ಅವರನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ನೆಲ ಒರೆಸಿದ್ದು, ಸುಣ್ಣ ಬಳಿದದ್ದು, ಬಲ್ಬು ಹಾಕಿದ್ದು, ನಲ್ಲಿಯ ತಿರುಪು ಬದಲಿಸಿದ್ದು ಯಾವುದಕ್ಕೂ ಎಂದೂ ಒಂದು ಬಿಲ್ಲೂ ಬಂದಿರಲಿಲ್ಲ. ಹಾಗಾದರೆ ಮಾಡಿದವರು ಯಾರು? ಬೀಗ ಬಿದ್ದ ಬಾಗಿಲ ಮುಂದೆ ಕೂತಿದ್ದ ಮೊಟ್ಟೆಯಾಕೆಯನ್ನು ಹೋಗಿ ಕೇಳಿದರು. ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸರದಿ ಮೇಲೆ ಗುಡಿಸುತ್ತೇವೆ, ಸುಣ್ಣಕ್ಕೆ ಎಲ್ಲರೂ ಹಾಕುತ್ತೇವೆ, ಬಲ್ಬು ನನ್ನ ಕಡೆಯಿಂದ, ಹೂವಿನವಳ ತಮ್ಮನಿಗೆ ನಲ್ಲಿ ಕೆಲಸ ಬರುತ್ತದೆ ಎಂದಳು. ನಮ್ಮ ಕೋಣೆಗೆ ನಾವು ಮಾಡಿಕೊಳ್ಳುವುದಕ್ಕೆ ಕಚೇರಿಯವರನ್ನು ಯಾಕೆ ಕೇಳಬೇಕು ಎಂಬುದು ಆಕೆಯ ಭಾವ. ತಮ್ಮ ಪುಸ್ತಕದಲ್ಲಿದ್ದದ್ದು ಊರಿನ ಒಂದು ಪಾಲು ಮಾತ್ರ, ಇನ್ನೊಂದು ಪಾಲು ಸೊನ್ನೆಗಳ ಹಿಂದೆ ಸದ್ದಿಲ್ಲದೆ ನಡೆಯುತ್ತಿದೆ ಎಂಬುದು ತಮಗೆ ತಿಳಿದದ್ದು ಆ ಓಣಿಯಲ್ಲಿ ಎಂದು ಮೇಡಂ ಇಂದಿಗೂ ಹೇಳುತ್ತಾರೆ.

ಒಪ್ಪಿಗೆಯಾದ ಆಯವ್ಯಯಕ್ಕೆ ಹೊಸ ಸಾಲು ಸೇರಿಸಬೇಕಾದರೆ ತಿದ್ದುಪಡಿ ಬೇಕು. ತಿದ್ದುಪಡಿಗೆ ಟಿಪ್ಪಣಿ ಬೇಕು. ತಪ್ಪು ಹೇಗಾಯಿತು, ಯಾರಿಂದಾಯಿತು ಎಂಬುದು ಅದರಲ್ಲಿ ಇರಲೇಬೇಕು. ಅವರ ಮೇಲಿನ ಅಧಿಕಾರಿ ಒಳ್ಳೆಯ ಮನುಷ್ಯ. ಬಾಗಿಲು ಮುಚ್ಚಿ ಬುದ್ಧಿ ಹೇಳಿದರು. ಬಾಡಿಗೆ ಶಾಖೆಯವರು ಸ್ಥಳಪರಿಶೀಲನೆ ಮಾಡದೆ ಬೀಗ ಹಾಕಿದ್ದೇ ತಪ್ಪೆಂದು ಬರೆಯಬಹುದು, ಅದೇನೂ ಸುಳ್ಳಲ್ಲ. ಇಲ್ಲವೇ ಮುಂದಿನ ವರ್ಷದ ಪುಸ್ತಕದಲ್ಲಿ ಸದ್ದಿಲ್ಲದೆ ಸೇರಿಸಬಹುದು. ಬಡ್ತಿಯ ಪಟ್ಟಿ ಸಹಿಗೆ ಹೋಗಿರುವ ಹೊತ್ತಿನಲ್ಲಿ ಕೈಯಾರೆ ತಲೆಯ ಮೇಲೆ ಕಲ್ಲು ಎಳೆದುಕೊಳ್ಳುವುದೇಕೆ?

ಮುಂದಿನ ವರ್ಷವೆಂದರೆ ಕರಾರು ಆಗಿಹೋಗಿರುತ್ತದೆ. ತಪ್ಪು ಹೊರಿಸೋಣವೆಂದರೆ ಬಾಡಿಗೆ ಶಾಖೆಯ ಗುಮಾಸ್ತರಿಗೆ ಮನೆ ತುಂಬ ಮಕ್ಕಳು. ಮೇಡಂ ಎರಡು ದಿನ ಯೋಚಿಸಿದರು. ಬಡ್ತಿ ಬೇಡವೆಂಬ ವೈರಾಗ್ಯ ಅವರಿಗೆ ಇರಲಿಲ್ಲ. ಬೇಕಾಗಿತ್ತು, ತುಂಬ ಬೇಕಾಗಿತ್ತು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ತಾನಾಗಬೇಕೆಂದು ಕನ್ನಡಿಯ ಮುಂದೆ ತಲೆ ಬಾಚುವಾಗಲೆಲ್ಲ ಅಂದುಕೊಂಡವರು ಅವರು. ಮೂರನೆಯ ದಿನ ಟಿಪ್ಪಣಿ ಬರೆದರು. ಮೊದಲ ಸಾಲೇ ಹೀಗಿತ್ತು: 'ಈ ತಪ್ಪು ನನ್ನಿಂದ ಆಗಿದೆ.'

ಸಭೆಯ ದಿನ ಸಾರ್ವಜನಿಕರ ಬೆಂಚಿನಲ್ಲಿ ಅತ್ತೆ ಬಂದು ಕೂತಿದ್ದರು. ಪಕ್ಕದಲ್ಲಿ ಮೊಟ್ಟೆಯಾಕೆ ಮತ್ತು ಮಾರುಕಟ್ಟೆಯ ಹೆಂಗಸರ ಒಂದು ದಂಡು. ಟಿಪ್ಪಣಿ ಓದಿದ್ದಾಯಿತು. ಹಿರಿಯ ಸದಸ್ಯರೊಬ್ಬರು ಎದ್ದು, "ಲೆಕ್ಕದವರು ತಪ್ಪು ಒಪ್ಪಿಕೊಂಡಿದ್ದನ್ನ ಇದೇ ಮೊದಲು ನೋಡ್ತಿದೀನಿ. ಇವತ್ತಿನ ತಾರೀಖನ್ನ ಸ್ವಲ್ಪ ದೊಡ್ಡಕ್ಷರದಲ್ಲಿ ಬರ್ಕೊಳ್ಳಿ" ಎಂದರು. ಸಭೆ ನಕ್ಕಿತು. ನಗು ಇಳಿದ ಮೇಲೆ ಅದೇ ಸದಸ್ಯರು ಚುಚ್ಚಿ ಕೇಳಿದರು: ಇಷ್ಟು ವರ್ಷ ಒಂದು ಕಾಸೂ ಖರ್ಚಾಗದ ಜಾಗದಲ್ಲಿ ಸೌಲಭ್ಯ ಅನ್ನೋದು ಇತ್ತು ಅಂತ ನಂಬೋದು ಹೇಗೆ?

ಮೇಡಂ ಎದ್ದು ನಿಂತರು. ಕಾಗದ ನೋಡಲಿಲ್ಲ.

"ಖರ್ಚಿಲ್ಲ ಅಂದ್ರೆ ಕೆಲಸ ಇಲ್ಲ ಅಂತ ನಾನೂ ಅಂದ್ಕೊಂಡಿದ್ದೆ ಸರ್. ಅದೇ ನನ್ನ ತಪ್ಪು. ಖರ್ಚಿಲ್ಲ ಅಂದ್ರೆ ಆ ಕೆಲಸಾನ ಇನ್ಯಾರೋ ಮಾಡ್ತಿದಾರೆ ಅಂತಾನೂ ಅರ್ಥ. ಅವರೆಲ್ಲ ಆ ಬೆಂಚಲ್ಲಿ ಕೂತಿದಾರೆ, ನೋಡಿ."

ಸಭೆ ತಿರುಗಿ ನೋಡಿತು. ಅಷ್ಟು ಜನ ಒಟ್ಟಿಗೆ ತಮ್ಮನ್ನು ನೋಡಿದ್ದಕ್ಕೆ ಹೆಂಗಸರು ಸೆರಗು ಸರಿ ಮಾಡಿಕೊಂಡರು. ತಿದ್ದುಪಡಿಗೆ ಒಪ್ಪಿಗೆ ಸಿಕ್ಕಿತು. ಬೀಗ ತೆಗೆಯಲು, ಕರಾರು ಕೈಬಿಡಲು ತೀರ್ಮಾನವಾಯಿತು. ಮೆಟ್ಟಿಲಿಳಿಯುವಾಗ ಅತ್ತೆ ಸೊಸೆಯ ತೋಳು ಹಿಡಿದುಕೊಂಡರು. ಕೆಳಗೆ ಬಂದ ಮೇಲೆ, "ಮುಂದಕ್ಕೆ" ಎಂದರು. ಅಷ್ಟೇ.

ಬಡ್ತಿ ಆ ವರ್ಷ ಬರಲಿಲ್ಲ. ಕಿರಿಯ ಸಹೋದ್ಯೋಗಿಯೊಬ್ಬರು ಅವರನ್ನು ದಾಟಿ ಮೇಲಕ್ಕೆ ಹೋದರು. ಅವರ ಕೈಕೆಳಗೆ ಮೇಡಂ ಹಲವು ವರ್ಷ ಕೆಲಸ ಮಾಡಿದರು, ಅದೂ ಅವರಿಗೇ ಕೆಲಸ ಕಲಿಸಿಕೊಡುತ್ತ. ನೋವಾಗಲಿಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, ಆಯ್ತು, ಅವರ ಸನ್ಮಾನದ ದಿನ ತಲೆನೋವೆಂದು ಮನೆಗೆ ಹೋಗಿ ಅತ್ತೆಯ ಮುಂದೆ ಅತ್ತುಬಿಟ್ಟೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಹೀಗೆ ಹೇಳಬಲ್ಲವರಾದ್ದರಿಂದಲೇ ಅವರ ಮುಂದೆ ಎಲ್ಲರೂ ತಮ್ಮ ನೋವು ಹೇಳಿಕೊಂಡರು.

ಮುಂದಿನ ಆಯವ್ಯಯ ಬರುವ ಮೊದಲು ಮೇಡಂ ಒಂದು ರೂಢಿ ಆರಂಭಿಸಿದರು. ಯಾವ ಸಾಲಿನ ಮುಂದೆ ಸೊನ್ನೆಯಿದೆಯೋ ಆ ಸಾಲು ಹೇಳುವ ಜಾಗಕ್ಕೆ ಲೆಕ್ಕ ಶಾಖೆಯವರು ಕಾಲ್ನಡಿಗೆಯಲ್ಲಿ ಹೋಗಿ ನೋಡಿ ಬರಬೇಕು. ಆದೇಶವಿಲ್ಲ, ಭತ್ಯೆಯಿಲ್ಲ. ಮೊದಲ ಸಲ ಅವರೊಬ್ಬರೇ ಹೋದರು. ನಂತರ ಒಬ್ಬಿಬ್ಬರು ಜೊತೆಯಾದರು. ಈಗ ಇಡೀ ಶಾಖೆ ಬಾಗಿಲಿಗೆ ಚೀಟಿ ಅಂಟಿಸಿ ಹೊರಡುತ್ತದೆ. ಕೆಲವು ಸಾಲುಗಳು ನಿಜಕ್ಕೂ ಸತ್ತಿರುತ್ತವೆ: ಕುದುರೆ ಲಾಯದ ಮೇವಿನ ಬಾಬ್ತನ್ನು ಹುಡುಕಿ ಹೋದಾಗ ಲಾಯದ ಜಾಗದಲ್ಲಿ ಸ್ಕೂಟರುಗಳು ನಿಂತಿದ್ದವು, ಮೇಡಂ ಅಲ್ಲೇ ನಿಂತು, ಇವುಗಳಿಗೆ ಹುಲ್ಲು ಸೇರಲ್ಲ, ಗೆರೆ ಎಳೀರಿ ಎಂದರು. ಆದರೆ ಸ್ಮಶಾನದ ಬಾವಿಯ ಹಗ್ಗ ಪ್ರತಿ ವರ್ಷ ಹೊಸದಾಗಿರುತ್ತದೆ. ವಾಚನಾಲಯಕ್ಕೆ ಪತ್ರಿಕೆ ಹಾಕಿಸುತ್ತಿರುವವನು ಎದುರಿನ ಕ್ಷೌರದಂಗಡಿಯವನು. ಗೋಪುರದ ಗಡಿಯಾರಕ್ಕೆ ಕೀಲಿ ಕೊಡುವ ಹುದ್ದೆ ರದ್ದಾದ ಮೇಲೂ ಅದು ನಿಂತಿಲ್ಲ. ಹಿಂದಿನ ನೌಕರನ ಮಗಳು ಸಂಜೆ ಹತ್ತಿ ಕೀಲಿ ಕೊಟ್ಟು ಬರುತ್ತಾಳೆ. ಇಂಥ ಸಾಲುಗಳಿಗೆ ಮೇಡಂ ಕನಿಷ್ಠ ಮೊತ್ತವೊಂದನ್ನು ಬರೆಸುತ್ತಾರೆ, ಸಾಲು ಬದುಕಿರಲಿ ಎಂದು. ಮಾಡುತ್ತಿರುವವರ ಕೆಲಸಕ್ಕೆ ಅಡ್ಡ ಹೋಗುವುದಿಲ್ಲ. ನಿಮಗೆ ಆಗದ ದಿನ ಬಂದು ಹೇಳಿ, ನಗರಸಭೆಯದು ಇಲ್ಲಿ ಒಂದು ಸಾಲಿದೆ ಎಂದಷ್ಟೇ ಹೇಳಿ ಬರುತ್ತಾರೆ. ಸೊನ್ನೆ ಮೇಡಂ ಎಂಬ ಹೆಸರು ಬಂದದ್ದು ಹೀಗೆ. ಬೇರೆ ಊರುಗಳ ಲೆಕ್ಕ ಶಾಖೆಗಳಲ್ಲಿ ಈ ನಡಿಗೆ ಈಗ ಹಬ್ಬಿದೆ. ಅವರ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ, ಅದರ ಬಗ್ಗೆ ಅವರಿಗೆ ಚಿಂತೆಯೂ ಇಲ್ಲ.

ಕೊನೆಗೂ ಅಧೀಕ್ಷಕಿಯಾದರು, ಅಲ್ಲಿಂದ ಮುಖ್ಯ ಲೆಕ್ಕಾಧಿಕಾರಿಯಾದರು. ಅಧಿಕಾರ ಬಂದ ಮೊದಲ ತಿಂಗಳಲ್ಲೇ ಹಳೆಯ ಕಡತ ತುಂಬಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿ ಹೆಂಗಸರಿಗೆಂದು ಬಿಟ್ಟರು. ಗೋಡೆಯುದ್ದಕ್ಕೂ ಜಗಲಿ ಕಟ್ಟಿಸಿದರು. ಇಲಾಖಾ ಪರೀಕ್ಷೆಗೆ ಓದುವವರಿಗೆ ಊಟದ ಬಿಡುವಿನಲ್ಲಿ ಪಾಠ ನಡೆಯುವುದು ಅಲ್ಲೇ. ತಾಯಂದಿರು ಮಗುವಿಗೆ ಹಾಲೂಡಿಸುತ್ತ ಉತ್ತರ ಹೇಳುತ್ತಾರೆ, ಮೇಡಂ ಪುಸ್ತಕ ಹಿಡಿದು ಪ್ರಶ್ನೆ ಓದುತ್ತಾರೆ. ಉತ್ತರ ತಪ್ಪಿದರೆ ಏನೂ ಹೇಳುವುದಿಲ್ಲ. ಅದೇ ಪ್ರಶ್ನೆ ಇನ್ನೂ ಗಟ್ಟಿಯಾಗಿ ಬರುತ್ತದೆ. ಬಹಳ ವರ್ಷಗಳ ಹಿಂದೆ, ಒಂದು ಬಿಲ್ಲನ್ನು ಎರಡು ಸಲ ಪಾವತಿ ಮಾಡಿ ವಿವರಣೆ ಬರೆಯುತ್ತಿದ್ದ ಹೊಸ ಸಹಾಯಕಿಯ ಪಕ್ಕ ಕೂತು ಅವರು ಹೇಳಿದ ಮಾತು ನಮ್ಮ ಶಾಖೆಯಲ್ಲಿ ಎಲ್ಲರಿಗೂ ಬಾಯಿಪಾಠ: "ತಪ್ಪಾಗಿದೆ ಅಂತ ಮೊದಲನೇ ಸಾಲಲ್ಲೇ ಬರಿಯಮ್ಮ. ಕೊನೇ ಸಾಲಿಗೆ ಅಂತ ಇಟ್ಕೊಂಡ್ರೆ ಅಷ್ಟರಲ್ಲಿ ಧೈರ್ಯ ಮುಗಿದುಹೋಗಿರುತ್ತೆ." ಆ ಸಹಾಯಕಿಯೇ ನಾಳೆ ಅವರ ಕುರ್ಚಿಯಲ್ಲಿ ಕೂರುವವರು.

ಅತ್ತೆ ಈಗ ಇಲ್ಲ. ಅವರ ಕನ್ನಡಕ ಮೇಡಂ ಮೇಜಿನ ಖಾನೆಯಲ್ಲಿ ಇಷ್ಟು ದಿನ ಇತ್ತು. ಮೊನ್ನೆ ಖಾನೆ ಖಾಲಿ ಮಾಡುವಾಗ ಮೊದಲು ಚೀಲ ಸೇರಿದ್ದು ಅದೇ. ಮೊಟ್ಟೆಯಾಕೆಯ ಅಂಗಡಿಯಲ್ಲಿ ಈಗ ಆಕೆಯ ಸೊಸೆ ಕೂರುತ್ತಾಳೆ. ಕೋಣೆಯ ಬಲ್ಬು ಇಂದಿಗೂ ಆ ಮನೆಯದೇ. ಪುಸ್ತಕದಲ್ಲಿ ಆ ಸಾಲಿನ ಮುಂದೆ ಇಂದಿಗೂ ಖರ್ಚು ಸೊನ್ನೆ.

ಬರುವ ತಿಂಗಳಿನಿಂದ ನಮ್ಮ ವೇತನ ಪಟ್ಟಿಯಲ್ಲಿ ಮೇಡಂ ಹೆಸರಿನ ಮುಂದೆಯೂ ಸೊನ್ನೆ ಬೀಳುತ್ತದೆ. ಅದನ್ನು ನೋಡಿ, ಇಲ್ಲಿ ಇನ್ನು ಏನೂ ನಡೆಯುತ್ತಿಲ್ಲ ಎಂದುಕೊಳ್ಳುವಷ್ಟು ದಡ್ಡರನ್ನಾಗಿ ಅವರು ನಮ್ಮನ್ನು ಬೆಳೆಸಿಲ್ಲ. ಮಾರುಕಟ್ಟೆಯ ಕೋಣೆಯಲ್ಲಿ ಸಂಜೆಯ ಹೊತ್ತು ಮಾರುವ ಹೆಂಗಸರಿಗೆ ಲೆಕ್ಕ ಹೇಳಿಕೊಡುವುದಾಗಿ ಅವರು ಆಗಲೇ ಮಾತು ಕೊಟ್ಟಾಗಿದೆ. ಅದಕ್ಕೂ ಯಾವ ಬಿಲ್ಲೂ ಬರುವುದಿಲ್ಲ. ಅವರಿಗೆ ಆರೋಗ್ಯವಿರಲಿ, ಕಣ್ಣು ಹೀಗೇ ಚುರುಕಾಗಿರಲಿ, ಪ್ರಶ್ನೆ ಓದುವ ದನಿ ಇನ್ನೂ ಬಹುಕಾಲ ಆ ಜಾಲರಿಯಿಂದ ಓಣಿಗೆ ಕೇಳಿಸುತ್ತಿರಲಿ. ವರ್ಷಕ್ಕೊಮ್ಮೆ, ಆಯವ್ಯಯಕ್ಕೆ ಮೊದಲು, ಬಾಗಿಲಿಗೆ ಚೀಟಿ ಅಂಟಿಸಿ ನಾವು ನಡೆದು ಬರುತ್ತೇವೆ. ಸೊನ್ನೆಯಿರುವ ಸಾಲನ್ನು ಹೋಗಿ ನೋಡದೆ ಬಿಡುವ ಪದ್ಧತಿ ನಮ್ಮ ಶಾಖೆಯಲ್ಲಿ ಇಲ್ಲ.